ಟಯರಿನ ಮೇಲಿನ ಸೂರ್ಯ

ಅಲ್ ವಕ್ರಾದ ಹಿಂಬದಿ ರಸ್ತೆಯೊಂದರ ಟಯರ್ ಅಂಗಡಿಯಲ್ಲಿ, ಗಾಳಿ ಯಂತ್ರದ ಮೇಲಿನ ಹಲಗೆಯಲ್ಲಿ, ಹಾಲಿನ ಪುಡಿಯ ದೊಡ್ಡ ಡಬ್ಬವೊಂದಿದೆ. ಅದರ ಹಾಲಿನ ಪುಡಿ ಮುಗಿದು ವರ್ಷಗಳೇ ಆದವು. ಈಗ ಒಳಗಿರುವುದು ಚನಿಯ ಇಪ್ಪತ್ತೆರಡು ವರ್ಷಗಳಲ್ಲಿ ಕತಾರಿನ ಟಯರುಗಳಿಂದ ಕಿತ್ತು ತೆಗೆದ ಕಬ್ಬಿಣ: ಹಲಗೆಯ ಮೊಳೆ, ಬಾಗಿಲ ಸ್ಕ್ರೂ, ಮುರಿದ ಡ್ರಿಲ್ಲಿನ ತುದಿ, ಯಾರದೋ ಕಿವಿಯೋಲೆಯ ಕಡ್ಡಿ. ಊರಿಡೀ ಕಟ್ಟಡ ಏಳುತ್ತಿದ್ದ ವರ್ಷಗಳಲ್ಲಿ ಡಬ್ಬ ಬೇಗ ತುಂಬುತ್ತಿತ್ತು. "ದೋಹಾ ಎಷ್ಟು ಕಟ್ಟಿದ್ದಾರೆ ಅಂತ ಪೇಪರ್ ಓದುವುದು ಬೇಡ, ನನ್ನ ಡಬ್ಬ ನೋಡಿದರೆ ಸಾಕು" ಎಂದು ಅವನು ಗಿರಾಕಿಗಳಿಗೆ ಹೇಳುವುದುಂಟು.

ಚನಿಯನಿಗೆ ಈಗ ಐವತ್ತೊಂದು. ವಿಟ್ಲದ ಕಡೆಯವನು. ಉಪ್ಪಿನಂಗಡಿಯಲ್ಲಿ ಹೆದ್ದಾರಿ ಬದಿಯ ಪಂಕ್ಚರ್ ಅಂಗಡಿಯಲ್ಲಿ ಕೆಲಸ ಕಲಿತ. ಅಲ್ಲಿ ಮೊದಲ ದಿನ ಹೇಳಿಕೊಟ್ಟ ಪಾಠ ಒಂದೇ: ರಬ್ಬರಿನಲ್ಲಿ ಕಬ್ಬಿಣ ಕಂಡರೆ ಕೀಳು, ಆಮೇಲೆ ಮಾತಾಡು. ಊರಿನಲ್ಲಿ ಅವನಿಗಿಂತ ಸಣ್ಣವರೂ ಅವನನ್ನು ಬರೀ ಹೆಸರು ಹಿಡಿದು ಕರೆಯುತ್ತಿದ್ದರು. ಕೆಲವು ಮನೆಗಳಲ್ಲಿ ಅವನ ಚಹಾದ ಲೋಟ ಹೊರಗಿನ ಮಾಡಿನ ಸಂದಿಯಲ್ಲಿ ಇರುತ್ತಿತ್ತು. ಇಲ್ಲಿ ದೋಹಾದ ಮುಶೈರಿಬ್‌ನ ಆಫೀಸುಗಳಲ್ಲಿ ಕೂರುವ ಮೈಸೂರು, ಬೆಂಗಳೂರಿನವರು ಅವನನ್ನು 'ಚನಿಯಣ್ಣ' ಎನ್ನುತ್ತಾರೆ. ಕನ್ನಡದವರ ವಾಟ್ಸಾಪ್ ಗುಂಪಿನಲ್ಲಿ ಯಾರಾದರೂ ಟಯರಿನ ಬಗ್ಗೆ ಕೇಳಿದರೆ ಉತ್ತರ ಸಿದ್ಧವಿರುತ್ತದೆ: ಚನಿಯಣ್ಣ ಏನು ಹೇಳುತ್ತಾರೋ ಅದೇ. ಅಂಥ ಒಂದು ಧ್ವನಿ ಸಂದೇಶವನ್ನು ಅವನು ಊರಿಗೆ, ಹೆಂಡತಿ ಪೂವಕ್ಕನಿಗೆ ಕಳಿಸಿದ್ದ. "ಅಣ್ಣ ಅಂತೆ ಅಣ್ಣ!" ಎಂದು ಅವಳು ಫೋನಿನಲ್ಲಿ ನಕ್ಕಿದ್ದಳು. ಆಮೇಲೆ ಅದನ್ನೇ ನಾಲ್ಕು ಸಲ ಕೇಳಿದಳೆಂದು ಮಗಳು ಅಕ್ಷಯಾ ಹೇಳಿದಳು.

ಅವನಿಗೆ ಇಂಗ್ಲಿಷ್ ಓದಲು ಬರುವುದಿಲ್ಲ. ಟಯರ್ ಓದಲು ಬರುತ್ತದೆ. ಅಳತೆ, ಭಾರದ ಅಂಕಿ, ತಯಾರಾದ ವಾರ ಮತ್ತು ವರ್ಷ ಇವೆಲ್ಲ ಅವನಿಗೆ ಬಾಯಿಪಾಠ. ಉಳಿದ ಗುರುತುಗಳ ಅರ್ಥವನ್ನು ಅವನೇ ಕೂಡಿಸಿಕೊಂಡಿದ್ದ. ಕೊಡೆಯ ಚಿತ್ರವಿದ್ದರೆ ಮಳೆಯ ಟಯರ್. ಆ ಲೆಕ್ಕ ಸರಿಯಾಗಿತ್ತು. ಅದೇ ಲೆಕ್ಕ ಅವನನ್ನು ದಾರಿ ತಪ್ಪಿಸಿತು.

ಅದು ಗೊತ್ತಾದ ಶನಿವಾರಕ್ಕೆ ಹತ್ತು ದಿನ ಮೊದಲು ಗೋಪಿನಾಥ್ ಅಂಗಡಿಗೆ ಬಂದಿದ್ದ. ಮೈಸೂರಿನವನು, ಮುಶೈರಿಬ್‌ನ ಆಫೀಸೊಂದರಲ್ಲಿ ಇಂಜಿನಿಯರ್, ಮನೆ ವಕ್ರಾದಲ್ಲೇ. ದೇಶ ಬಿಟ್ಟು ಹೊರಟ ಸಹೋದ್ಯೋಗಿಯೊಬ್ಬನ ಕಾರನ್ನು ಅವನು ಕೊಂಡಿದ್ದ. ಚಳಿದೇಶವೊಂದರಿಂದ ಮನೆ ಸಾಮಾನಿನ ಜೊತೆ ಹಡಗಿನಲ್ಲಿ ಬಂದಿದ್ದ ಕಾರು ಅದು. ಅದರ ಜೊತೆ ಇನ್ನೂ ನಾಲ್ಕು ಚಕ್ರಗಳು, ಡಿಸ್ಕ್ ಸಮೇತ, ಪ್ಲಾಸ್ಟಿಕ್ಕಿನಲ್ಲಿ ಸುತ್ತಿದ್ದವು.

ಪ್ಲಾಸ್ಟಿಕ್ ಬಿಚ್ಚಿದಾಗ ಅಂಗಡಿ ನೋಡಿಕೊಳ್ಳುವ ಮೊಯ್ದಿನ್ ಎದ್ದು ಬಂದ. ಟಯರಿನ ಮೈತುಂಬ ಸಣ್ಣ ಸಣ್ಣ ಲೋಹದ ಮುಳ್ಳುಗಳು.

"ಎಂತದಾ ಇದು, ಟಯರಾ ಹಲಸಿನ ಹಣ್ಣಾ?"

"ಗ್ರಿಪ್ಪಿಗೆ ಇರಬೇಕು" ಎಂದ ಗೋಪಿನಾಥ್. "ಹೊಸದರ ಥರಾನೇ ಇದೆ, ಚನಿಯಣ್ಣ. ಈಗಿರೋದು ಸವೆದು ಹೋಗಿದೆ. ಇದನ್ನೇ ಹಾಕ್ಬಿಡೋಣ ಅಂತ. ಏನಂತೀರಿ?"

"ಈ ಮುಳ್ಳು ಇಟ್ಟುಕೊಂಡು ರೋಡಿಗೆ ಇಳಿದರೆ ಮುಗೀತು" ಎಂದ ಮೊಯ್ದಿನ್. "ರೋಡೆಲ್ಲ ಗೀರು ಬೀಳ್ತದೆ, ಪೊಲೀಸ್ ಸುಮ್ಮನೆ ಬಿಡ್ತಾನಾ? ಕಿತ್ತು ತೆಗಿ. ಮತ್ತೆ ಅದು ಮಾಮೂಲಿ ಟಯರೇ."

ಚನಿಯ ಚಕ್ರವನ್ನು ತಿರುಗಿಸಿ ನೋಡಿದ. ತಯಾರಾದ ವರ್ಷ ಹಳೆಯದಲ್ಲ. ಬೆರಳಲ್ಲಿ ಒತ್ತಿದ, ರಬ್ಬರು ಮೆತ್ತಗಿತ್ತು, ಮೆತ್ತಗಿದ್ದರೆ ಜೀವ ಇದೆ ಎಂದು ಅರ್ಥ. ಬದಿಯಲ್ಲಿ ಮೂರು ಶಿಖರದ ಗುಡ್ಡ, ಗುಡ್ಡದೊಳಗೆ ಸುತ್ತಲೂ ಕಿರಣ ಚಾಚಿದ ಒಂದು ಚುಕ್ಕೆ. ಅವನ ಮುಖ ಅರಳಿತು.

"ನೋಡಿ ಸಾರ್. ಮರಳಿನ ಗುಡ್ಡೆ, ಮೇಲೆ ಸೂರ್ಯ. ಇದು ಮರುಭೂಮಿಯ ಟಯರು. ಈ ದೇಶಕ್ಕೇ ಮಾಡಿದ ಹಾಗೆ ಉಂಟು."

ಗೋಪಿನಾಥನ ಮಗಳು ಗಗನಾ, ಒಂಬತ್ತು ವರ್ಷದವಳು, ಬಗ್ಗಿ ನೋಡಿದಳು. "ಅಂಕಲ್, ಅದು ಸನ್ ಅಲ್ಲ. ಅದು ಸ್ನೋ."

ಚನಿಯನ ಊರಿನಲ್ಲಿ ಸ್ನೋ ಎಂದರೆ ಬಿಳಿ ಭರಣಿಯಲ್ಲಿ ಬರುವ ಮುಖದ ಕ್ರೀಮು. "ಸ್ನೋ ಮುಖಕ್ಕೆ ಹಾಕುವುದು ಮಗಾ, ಮದುವೆಗೆ ಹೋಗುವಾಗ! ಟಯರಿಗೆ ಎಂತಕ್ಕೆ ಸ್ನೋ, ಪೌಡರ್?"

ಗೋಪಿನಾಥ್ ಜೋರಾಗಿ ನಕ್ಕ. "ಅಲ್ಲಪ್ಪಾ, ರಿಯಲ್ ಸ್ನೋ..." ಎಂದು ಹುಡುಗಿ ಶುರುಮಾಡಿದಳು. "ಗಗ್ಗು, ಅಂಕಲ್ ಕೆಲಸ ಮಾಡ್ಲಿ ಬಿಡು" ಎಂದ ಅಪ್ಪ. ಕಾರಿನೊಳಗೆ ಕೂತಿದ್ದ ಅವನ ಹೆಂಡತಿ ರತ್ನಪ್ರಭಾ ಏನು ನಗು ಎಂದು ಗಾಜು ಇಳಿಸಿ ಕೇಳಿದಳು.

ನಾಲ್ಕು ಟಯರಿನ ಮುಳ್ಳುಗಳನ್ನು ಇಕ್ಕಳ ಹಿಡಿದು ಒಂದೊಂದಾಗಿ ಕೀಳಲು ಚನಿಯನಿಗೆ ಮರುದಿನ ಮಧ್ಯಾಹ್ನದವರೆಗೆ ಬೇಕಾಯಿತು. ಎಲ್ಲವೂ ಡಬ್ಬಕ್ಕೆ ಹೋದವು.

ಶನಿವಾರ ಬೆಳಿಗ್ಗೆ ಎಂಟಕ್ಕೆ ಗೋಪಿನಾಥ್ ಗಾಳಿ ನೋಡಿಸಲು ಬಂದ. ಶಾಲೆಗೆ ರಜೆ. ಗಡಿ ದಾಟಿ ಸೌದಿಯ ಹುಫೂಫಿನಲ್ಲಿರುವ ಹೆಂಡತಿಯ ತಂಗಿಯ ಮನೆಗೆ ಪ್ರಯಾಣ. ಮೊದಲು ಮುಶೈರಿಬ್‌ನ ಆಫೀಸಿನಲ್ಲಿ ಒಂದು ಗಂಟೆಯ ಕೆಲಸ, ಆಮೇಲೆ ಗಡಿಗೆ ಹೋಗುವ ಸಲ್ವಾ ರಸ್ತೆ ಹಿಡಿಯುವುದು. ಗಗನಾ ಹಿಂದಿನ ಸೀಟಿನಲ್ಲಿ ಎಡಗಡೆಯ ಗಾಜಿಗೆ ತಲೆಯಿಟ್ಟು ನಿದ್ದೆ ಹೋಗಿದ್ದಳು. ಚನಿಯ ಅವಳ ಕೆಳಗಿನ ಚಕ್ರವನ್ನು ಅಂಗೈಯಿಂದ ತಟ್ಟಿದ. "ಧೈರ್ಯದಲ್ಲಿ ಹೋಗಿ ಸಾರ್."

ಒಂಬತ್ತೂವರೆಗೆ ಕೆನೆತ್ ಬಂದ. ಬಜ್ಪೆಯವನು, ಹಮದ್ ಬಂದರಿನಲ್ಲಿ ಸರಕು ಬಿಡಿಸುವ ಕಂಪೆನಿಯ ಗುಮಾಸ್ತ. ಅವನ ಪಿಕಪ್ಪಿನ ಮುಂದಿನ ಚಕ್ರದಲ್ಲಿ ಸ್ಕ್ರೂ ಸಿಕ್ಕಿಕೊಂಡಿತ್ತು. ಚನಿಯ ಅದನ್ನು ಕಿತ್ತು ಡಬ್ಬದ ಮುಚ್ಚಳ ತೆಗೆದಾಗ ಕೆನೆತ್ ಒಳಗೆ ಇಣುಕಿದ. ಒಂದು ಮುಳ್ಳನ್ನು ಎರಡು ಬೆರಳಲ್ಲಿ ಎತ್ತಿ ಹಿಡಿದ.

"ಇದು ನಿನ್ನ ಹತ್ತಿರ ಹೇಗೆ ಬಂತು?"

"ಮರಳಿನ ಟಯರಿನದ್ದು. ಕಿತ್ತು ಹಾಕಿದ್ದು."

"ಯಾವ ಮರಳು ಮಾರಾಯ? ಇದು ಐಸಿನ ಮೇಲೆ ಓಡಿಸುವ ಟಯರು." ಕೆನೆತ್ ನಗುತ್ತಿದ್ದ. "ನಮ್ಮ ಒಂದು ಕಂಟೇನರ್ ಮೂರು ವಾರದಿಂದ ಬಂದರಿನಲ್ಲಿ ನಿಂತಿದೆ. ಕಾಗದದಲ್ಲಿ ಮಾಮೂಲಿ ಟಯರು, ಬಾಗಿಲು ತೆಗೆದರೆ ಇದು. ಅದರ ರೂಲ್ಸ್ ಓದಿ ಓದಿ ನನಗೆ ತಲೆ ಕೆಟ್ಟುಹೋಗಿದೆ. ಆ ಚಳಿದೇಶಗಳಲ್ಲೇ ಒಂದೊಂದು ಕಡೆ ಒಂದೊಂದು ಕಾನೂನು. ಕೆಲವು ಕಡೆ ಚಳಿಗಾಲದಲ್ಲಿ ಮಾತ್ರ ಹಾಕಬೇಕು, ತಾರೀಕು ದಾಟಿದರೆ ಬಿಚ್ಚಬೇಕು. ಕೆಲವು ಕಡೆ ಈ ಪಿನ್ನೇ ಬೇಡ ಅಂತಾರೆ."

"ಪಿನ್ ನಾವೂ ತೆಗೆದಿದ್ದೇವೆ" ಎಂದ ಚನಿಯ. "ಮತ್ತೆ ಅದು ಮಾಮೂಲಿಯೇ ಅಲ್ಲವಾ?"

ಕೆನೆತ್ ಈಗ ನಗಲಿಲ್ಲ. "ಪಿನ್ ಕಿತ್ತರೆ ರಬ್ಬರ್ ಬದಲಾಗ್ತದಾ? ಅದನ್ನು ಚಳಿಗೆ ಅಂತ ಮೆತ್ತಗೆ ಮಾಡಿದ್ದು. ಈ ಬಿಸಿಲಲ್ಲಿ, ಈ ಸ್ಪೀಡಿನಲ್ಲಿ ಅದು ಮೇಣ. ಮೇಲಿಂದ ನೀನು ಮೈತುಂಬ ತೂತು ಮಾಡಿಟ್ಟಿದ್ದಿ. ಯಾರ ಗಾಡಿಗೆ ಹಾಕಿದ್ದು?"

ಚನಿಯ ಸೀಮೆಸುಣ್ಣ ತೆಗೆದುಕೊಂಡು ನೆಲದ ಮೇಲೆ ಗುಡ್ಡ ಬರೆದ, ಗುಡ್ಡದೊಳಗೆ ಚುಕ್ಕೆ, ಚುಕ್ಕೆಯ ಸುತ್ತ ಕಿರಣ. "ಈ ಸೂರ್ಯ..."

"ಸೂರ್ಯ ಅಲ್ಲ. ಹಿಮ. ಇಂಗ್ಲಿಷಿನಲ್ಲಿ ಸ್ನೋ ಅಂತಾರಲ್ಲ, ಅದು."

ಹೊರಗೆ ನಲವತ್ತೈದು ಡಿಗ್ರಿ. ಚನಿಯ ಸೀಮೆಸುಣ್ಣ ಕೆಳಗಿಟ್ಟ. ಹುಡುಗಿ ಹೇಳಿದ್ದು ಅದೇ ಮಾತು, ಅದೇ ಶಬ್ದ. ಅವನು ಅದನ್ನು ಕ್ರೀಮಿನ ಭರಣಿಯೊಳಗೆ ಹಾಕಿ ಮುಚ್ಚಿದ್ದ.

ಗೋಪಿನಾಥನ ಫೋನು ರಿಂಗಾಗಿ ರಿಂಗಾಗಿ ನಿಂತಿತು. ಇನ್ನೊಮ್ಮೆ, ಮತ್ತೊಮ್ಮೆ. ರಸ್ತೆಯ ಕ್ಯಾಮೆರಾಗಳ ಭಯಕ್ಕೆ ಗಾಡಿ ಓಡಿಸುವಾಗ ಫೋನನ್ನು ಮುಂದಿನ ಡಬ್ಬಿಯೊಳಗೆ ಹಾಕಿಡುವ ಮನುಷ್ಯ ಅವನು. ಆ ಶಿಸ್ತನ್ನು ಅವನೇ ಹೇಳಿಕೊಂಡಿದ್ದ. ಹೆಂಡತಿಯ ನಂಬರು ಚನಿಯನ ಬಳಿ ಇರಲಿಲ್ಲ. ವಾಟ್ಸಾಪ್ ಗುಂಪಿಗೆ ಕೆನೆತ್ ಹಾಕಿದ ಸಂದೇಶಕ್ಕೆ ಉತ್ತರ ಬರಲಿಲ್ಲ.

ಗೋಪಿನಾಥನ ಹಳೆಯ ನಾಲ್ಕು ಚಕ್ರಗಳು ಅಂಗಡಿಯ ಹಿಂದೆ ಇನ್ನೂ ಇದ್ದವು. ಚನಿಯ ಅವನ್ನು ಉರುಳಿಸಿಕೊಂಡು ಬಂದು ಪಿಕಪ್ಪಿಗೆ ಏರಿಸತೊಡಗಿದ. ಮೊಯ್ದಿನ್ ಅಡ್ಡ ನಿಂತ.

"ಹೋಗಿ ಎಂತ ಹೇಳ್ತಿ? ನಾವೇ ತಪ್ಪು ಟಯರ್ ಹಾಕಿದ್ದು ಅಂತಲಾ? ಏನಾದರೂ ಆಗಿದ್ದರೆ ಅಲ್ಲಿ ಪೊಲೀಸ್ ಇರ್ತಾನೆ. ನಿನ್ನ ವೀಸಾ, ನನ್ನ ವೀಸಾ, ಅಂಗಡಿ, ಎಲ್ಲ ಖಲಾಸ್. ತಲೆ ಉಂಟಾ ನಿನಗೆ?"

"ಹುಡುಗಿ ಎಡಗಡೆ ಮಲಗಿದ್ದಾಳೆ, ಮೊಯ್ದಿನ್‌ಚ್ಚ" ಎಂದ ಚನಿಯ. 

ಮೊಯ್ದಿನ್ ಅಡ್ಡದಿಂದ ಸರಿದ. ಮತ್ತೆ ಒಳಗೆ ಹೋಗಿ ಜಾಕ್ ಎತ್ತಿ ತಂದು, ಯಾರ ಮೇಲೋ ಸಿಟ್ಟು ತೀರಿಸಿದವನಂತೆ ಪಿಕಪ್ಪಿನೊಳಗೆ ಎಸೆದ. "ಯಲ್ಲಾ, ಹೋಗು. ನಿಂತು ನನ್ನ ಮುಖ ಎಂತ ನೋಡ್ತಿ?"

ವಕ್ರಾದಿಂದ ಸಲ್ವಾ ರಸ್ತೆಗೆ ಸೇರುವ ಟ್ರಕ್ಕಿನ ದಾರಿ ಹಿಡಿದರು. ಕೆನೆತ್ ಗಾಡಿ ಓಡಿಸಿದ. ಚನಿಯ ಫೋನ್ ಒತ್ತುತ್ತಲೇ ಇದ್ದ. ದೊಡ್ಡ ರಸ್ತೆ ಸಿಕ್ಕಿದ ಮೇಲೆ ಅವನು ಫೋನನ್ನು ತೊಡೆಯ ಮೇಲಿಟ್ಟು ರಸ್ತೆಯ ಅಂಚನ್ನು ನೋಡತೊಡಗಿದ. ಸಲ್ವಾ ರಸ್ತೆಯ ಅಂಚಿನಲ್ಲಿ ಬೇಸಿಗೆಯಿಡೀ ಸಿಡಿದ ಟಯರುಗಳ ಕಪ್ಪು ಪಟ್ಟಿಗಳು ಬಿದ್ದಿರುತ್ತವೆ. ಬೇರೆಯವರಿಗೆ ಅದು ಕಸ. ಚನಿಯನಿಗೆ ಪ್ರತಿಯೊಂದೂ ಯಾರದ್ದೆಂದು ಗೊತ್ತಾಗುತ್ತದೆ. ಅಗಲವಾಗಿ, ದಪ್ಪ ಗೆರೆಗಳಿದ್ದರೆ ಟ್ರೇಲರಿನದು. ತುದಿ ಚೂಪಾಗಿ ಸುರುಳಿ ಸುತ್ತಿದ್ದರೆ ಮೇಲೆ ಹೊಸ ರಬ್ಬರು ಅಂಟಿಸಿ ರೀಟ್ರೆಡ್ ಮಾಡಿದ್ದು. ಬಿಳಿ ಹೊಡೆದಿದ್ದರೆ ಹಳೆಯದು, ಹೋದ ವರ್ಷದ್ದು.

"ಟ್ರೇಲರಿನದು" ಎಂದು ಅವನು ಗೊಣಗುತ್ತಿದ್ದ. "ಇದೂ ಟ್ರೇಲರಿನದು. ಇದು ಹಳತು."

"ಯಾರಿಗೆ ಹೇಳುವುದು ನೀನು?"

"ಯಾರಿಗೂ ಅಲ್ಲ."

ಪ್ರತಿ ಪೆಟ್ರೋಲ್ ಬಂಕಿನಲ್ಲೂ ಕೆನೆತ್ ವೇಗ ಇಳಿಸಿದ. ಗೋಪಿನಾಥನ ಬೂದು ಬಣ್ಣದ ಕಾರು ಎಲ್ಲೂ ಇರಲಿಲ್ಲ. ಒಂದು ಗಂಟೆ ಆಫೀಸಿನಲ್ಲಿ ನಿಂತಿದ್ದರೆ ಅವರು ಇಪ್ಪತ್ತು ನಿಮಿಷ ಮುಂದಿರಬೇಕು. ಗಡಿ ದಾಟಿಬಿಟ್ಟರೆ ಇವರಿಬ್ಬರ ಕೈಗೆ ಸಿಗುವುದಿಲ್ಲ. ದಾಟಲಿ ಎಂದು ಚನಿಯ ಒಮ್ಮೆ ಬೇಡಿಕೊಂಡ, ದಾಟಿದರೆ ಅಲ್ಲಿಯವರೆಗಾದರೂ ಟಯರು ತಡೆದಿದೆ ಎಂದಾಯಿತು. ಆದರೆ ಅಲ್ಲಿಂದ ಮುಂದೆಯೂ ರಸ್ತೆ ಇದೆ, ಅಲ್ಲೂ ಇದೇ ಬಿಸಿಲು, ಎಂಬ ಯೋಚನೆ ಬಂದು ಬೇಡಿಕೊಳ್ಳುವುದನ್ನು ನಿಲ್ಲಿಸಿದ.

"ನಿಲ್ಲಿಸು" ಎಂದ ಇದ್ದಕ್ಕಿದ್ದಂತೆ.

ರಸ್ತೆಯಂಚಿನಲ್ಲಿ ಮೊಳಕೈ ಉದ್ದದ ಪಟ್ಟಿ ಬಿದ್ದಿತ್ತು. ಟ್ರೇಲರಿನದಲ್ಲ. ಚನಿಯ ಇಳಿದು ಹೋಗಿ ಅದನ್ನು ಎತ್ತಿದ. ಕೈ ಸುಟ್ಟು, ಇನ್ನೊಂದು ಕೈಗೆ ಬದಲಿಸಿದ. ರಬ್ಬರಿನ ಮೇಲೆ ಸಾಲುಸಾಲಾಗಿ ತೂತುಗಳು, ಶ್ಯಾವಿಗೆ ಒರಳಿನ ಬಿಲ್ಲೆಯ ಹಾಗೆ. ಒಂದು ತೂತಿನಿಂದ ಇನ್ನೊಂದಕ್ಕೆ ಸೀಳು ಬಿಟ್ಟಿತ್ತು. ಒಂದು ತೂತಿನ ಅಂಚಿನಲ್ಲಿ ಅವನ ಇಕ್ಕಳದ ಹಲ್ಲಿನ ಗುರುತು ಇನ್ನೂ ಇತ್ತು.

ಅಲ್ಲಿಂದ ಮುಂದೆ ಡಾಂಬರಿನ ಮೇಲೆ ಎರಡು ಕಪ್ಪು ಗೆರೆಗಳು. ಮೊದಲು ನೇರ, ಮತ್ತೆ ಬಲಕ್ಕೆ, ಮತ್ತೆ ಒಂದರ ಮೇಲೊಂದು ಹಾದು ರಸ್ತೆ ಬಿಟ್ಟು ಹೋಗಿದ್ದವು. ಚನಿಯ ಪಿಕಪ್ಪಿಗೆ ಹತ್ತಲಿಲ್ಲ. ಗೆರೆಗಳ ಪಕ್ಕದಲ್ಲೇ ನಡೆದ, ಆಮೇಲೆ ಓಡಿದ. ಕೆನೆತ್ ಅಪಾಯದ ದೀಪ ಹಾಕಿಕೊಂಡು ಹಿಂದಿನಿಂದ ನಿಧಾನವಾಗಿ ಬಂದ.

ಕಾರು ರಸ್ತೆಯಾಚೆಯ ಮರಳಿನಲ್ಲಿ, ಮುಖವನ್ನು ದೋಹಾದ ಕಡೆ ತಿರುಗಿಸಿ ನಿಂತಿತ್ತು. ನಾಲ್ಕೂ ಬಾಗಿಲು ತೆರೆದಿದ್ದವು. ಒಳಗೆ ಯಾರೂ ಇರಲಿಲ್ಲ. ಮರಳಿನ ಮೇಲೆ ಹುಡುಗಿಯ ಒಂದು ಚಪ್ಪಲಿ ಬಿದ್ದಿತ್ತು.

ಕರೆಯಬೇಕೆಂದು ಚನಿಯ ಬಾಯಿ ತೆರೆದ.  ಕರೆದು ಉತ್ತರ ಬಾರದಿದ್ದರೆ ಏನು ಮಾಡುವುದೆಂದು ಅವನಿಗೆ ಗೊತ್ತಿರಲಿಲ್ಲ.

"ಅಮ್ಮಾ, ನೀರು ಬಿಸಿ ಇದೆ. ಐ ಡೋಂಟ್ ವಾಂಟ್."

ದನಿ ಕಾರಿನ ಆಚೆ ಬದಿಯಿಂದ ಬಂದಿತ್ತು. ಅಲ್ಲಿ ಒಂದು ಮಾರು ನೆರಳಿತ್ತು. ರತ್ನಪ್ರಭಾ ಮಗಳನ್ನು ತೊಡೆಯ ಮೇಲೆ ಕೂರಿಸಿಕೊಂಡು ದುಪಟ್ಟಾ ಹಿಡಿದು ಗಾಳಿ ಹಾಕುತ್ತಿದ್ದಳು. ಹುಡುಗಿಯ ಹಣೆಯ ಎಡಗಡೆ ಕೆಂಪಗೆ ಊದಿತ್ತು. ಗೋಪಿನಾಥ್ ಫೋನು ಹಿಡಿದು ಯಾರಿಗೋ ಜಾಗ ವಿವರಿಸಲು ಒದ್ದಾಡುತ್ತಿದ್ದ. ಚನಿಯನನ್ನು ಕಂಡು ಅವನ ಕೈ ಕೆಳಗಿಳಿಯಿತು.

"ಚನಿಯಣ್ಣ! ನೀವು... ನೀವು ಹೇಗೆ ಬಂದ್ರಿ ಇಲ್ಲಿಗೆ?"

ಚನಿಯ ಹುಡುಗಿಯ ಹಣೆಯನ್ನೇ ನೋಡುತ್ತಿದ್ದ. ಗೋಪಿನಾಥನೇ ಮುಂದುವರಿಸಿದ. ಮಾತು ನಿಲ್ಲಿಸಲು ಅವನಿಂದ ಆಗುತ್ತಿರಲಿಲ್ಲ. "ಒಂದು ಸೌಂಡ್ ಬಂತು ನೋಡಿ, ಹಿಂದಿಂದ ಯಾರೋ ಚಾಟಿ ಬೀಸಿದ ಹಾಗೆ. ಆಮೇಲೆ ಗಾಡಿ ನನ್ ಮಾತೇ ಕೇಳಲಿಲ್ಲ. ಪಕ್ಕದಲ್ಲೇ ಟ್ರೇಲರ್ ಇತ್ತು. ದೇವರೇ ಕಾಪಾಡಿದ. ಮೇಲಿನ ಪಟ್ಟಿ ಹಾರಿಹೋಗಿದೆ, ಆದ್ರೆ ಗಾಳಿ ಹೋಗಿಲ್ಲ, ನೋಡಿ! ನೀವು ಹೇಳಿದ ಟಯರ್ ಅಂತ ಉಳಿದ್ವಿ, ಚನಿಯಣ್ಣ. ಬೇರೆಯದಾಗಿದ್ರೆ ಪಲ್ಟಿ ಹೊಡೀತಿತ್ತು. ಹೌದು ತಾನೆ?"

ಹಿಂದೆ ಬಂದು ನಿಂತ ಕೆನೆತ್ ಬೇರೆ ಕಡೆ ನೋಡಿದ. ರಸ್ತೆಯಲ್ಲಿ ಟ್ರಕ್ಕೊಂದು ಹೋಯಿತು, ಅದರ ಗಾಳಿಗೆ ಕಾರಿನ ಬಾಗಿಲೊಂದು ಅಲುಗಿತು. ಹೌದು ಎಂದರೆ ಮುಗಿಯುತ್ತಿತ್ತು. ಬಿಸಿಲಿಗೆ ಟಯರು ಹೋಗುವುದು ಈ ರಸ್ತೆಯಲ್ಲಿ ದಿನದ ಸಂಗತಿ. ಅಂಗಡಿ ಇರುತ್ತಿತ್ತು, ವೀಸಾ ಇರುತ್ತಿತ್ತು, ಅಣ್ಣನೂ ಇರುತ್ತಿದ್ದ.

"ಅಲ್ಲ ಸಾರ್" ಎಂದ ಚನಿಯ. "ನಾನು ಹೇಳಿದ್ದು ತಪ್ಪು. ಅದು ಮರುಭೂಮಿಯ ಟಯರಲ್ಲ, ಹಿಮದ ಟಯರು. ಈ ಬಿಸಿಲಿಗೆ ಹಾಕಲೇಬಾರದಿತ್ತು. ಮುಳ್ಳು ಕಿತ್ತು ಇನ್ನೂ ಹಾಳು ಮಾಡಿದ್ದು ನಾನೇ. ಇವತ್ತು ಬೆಳಿಗ್ಗೆ ಗೊತ್ತಾಯ್ತು. ಫೋನ್ ಮಾಡಿದೆ, ನೀವು ತೆಗೀಲಿಲ್ಲ."

ಗೋಪಿನಾಥ್ ಅವನನ್ನೇ ನೋಡಿದ, ಭಾಷೆ ಅರ್ಥವಾಗದವನ ಹಾಗೆ. ಗಗನಾ ಅಮ್ಮನ ತೋಳಿನಿಂದ ತಲೆ ಎತ್ತಿದಳು.

"ಐ ಟೋಲ್ಡ್ ಯೂ. ಸ್ನೋ ಅಂತ."

ರತ್ನಪ್ರಭಾ ಗಂಡನ ಕಡೆ ತಿರುಗಿದಳು. "ಮಗು ಏನೋ ಹೇಳ್ತಿತ್ತಲ್ಲ ಅವತ್ತು. ನೀವಿಬ್ರೂ ನಗ್ತಾ ಇದ್ರಿ. ಇದೇನಾ ಹೇಳಿದ್ದು?"

  ಅವಳು ಎದ್ದು, ಮಗಳನ್ನು ಎತ್ತಿಕೊಂಡು, ಇಬ್ಬರಿಂದಲೂ ದೂರ ಹೋಗಿ ಪಿಕಪ್ಪಿನ ಮುಂದಿನ ಸೀಟಿನಲ್ಲಿ ಕುಳಿತಳು. ಕೆನೆತ್ ಅವಳಿಗಾಗಿ ಏಸಿ ಜೋರು ಮಾಡಿದ.

ಬೇಸಿಗೆಯಲ್ಲಿ ಬೆಳಿಗ್ಗೆ ಹತ್ತರಿಂದ ಮಧ್ಯಾಹ್ನ ಮೂರೂವರೆಯವರೆಗೆ ಬಯಲಿನಲ್ಲಿ ಯಾರಿಂದಲೂ ಕೆಲಸ ಮಾಡಿಸಬಾರದೆಂಬುದು ಈ ದೇಶದ ನಿಯಮ. ಚನಿಯನಿಂದ ಯಾರೂ ಮಾಡಿಸಲಿಲ್ಲ. ಜಾಕಿನ ಅಡಿಗೆ ಹಲಗೆ ಕೊಟ್ಟು, ಒಂದೊಂದೇ ಚಕ್ರ ಬಿಚ್ಚಿದ. ಬಿಸಿಯಾದ ನಟ್ಟುಗಳನ್ನು ಒದ್ದೆ ಬಟ್ಟೆಯಲ್ಲಿ ಹಿಡಿದ. ಎಡ ಹಿಂದಿನದು ಬರೀ ನೂಲು ಮತ್ತು ತಂತಿಯಾಗಿ ಉಳಿದಿತ್ತು. ಉಳಿದ ಮೂರು ಹೊರಗಿನಿಂದ ಚೆನ್ನಾಗಿಯೇ ಕಾಣುತ್ತಿದ್ದವು. ಬಲ ಮುಂದಿನದನ್ನು ಕೆಳಗಿಟ್ಟು ತಿರುಗಿಸಿದಾಗ ಕಾರಿನ ಒಳಬದಿಗೆ ಇದ್ದ ಮಗ್ಗುಲಲ್ಲಿ, ನಿಂತು ನೋಡಿದರೆ ಕಾಣದ ಕಡೆಯಲ್ಲಿ, ಅಂಗೈಯಗಲದ ಗುಳ್ಳೆ ಎದ್ದಿತ್ತು. ಚನಿಯ ಅದರ ಮೇಲೆ ಬೆರಳಿಟ್ಟ. ಜ್ವರ ಬಂದ ಮೈಯ ಹಾಗೆ ಅದು ಒಳಗಿನಿಂದ ಒತ್ತುತ್ತಿತ್ತು. ಇನ್ನು ಹತ್ತು ಕಿಲೋಮೀಟರ್, ಬಹಳವಾದರೆ ಹದಿನೈದು. ಮುಂದಿನ ಚಕ್ರ ಸಿಡಿದರೆ ಗಾಡಿ ಮರಳಿಗೆ ಹೋಗಿ ನಿಲ್ಲುವುದಿಲ್ಲ.

ಅವನು ಗೋಪಿನಾಥನನ್ನು ಕರೆದು ತೋರಿಸಿದ. ಗೋಪಿನಾಥ್ ಬಗ್ಗಿ ನೋಡಿದ, ಮುಟ್ಟಲಿಲ್ಲ.  ಚನಿಯ ನಾಲ್ಕೂ ಟಯರುಗಳ ಗಾಳಿ ಬಿಟ್ಟು, ಚೂರಿ ತೆಗೆದು ಮಗ್ಗುಲನ್ನು ಸೀಳಿದ, ಇನ್ನು ಯಾರೂ ಹಾಕಿಕೊಳ್ಳದ ಹಾಗೆ. ಗುಡ್ಡದ ಗುರುತಿನ ಮೇಲೆಯೇ ಕೊಯ್ದ.

ಸವೆದ ಹಳೆಯ ಚಕ್ರಗಳನ್ನು ಹಾಕಿ, ನಟ್ಟು ಬಿಗಿದು, ಎದ್ದು ನಿಂತಾಗ ಅವನಿಗೆ ಕಣ್ಣು ಕತ್ತಲೆ ಬಂತು. ಕಾರು ಹಿಡಿದು ನಿಂತ.

"ಇದು ಸರಿ ಇದೆಯಾ?" ಎಂದು ಗೋಪಿನಾಥ್ ಕೇಳಿದ. ಚನಿಯಣ್ಣ ಎನ್ನಲಿಲ್ಲ.

ಇಪ್ಪತ್ತೆರಡು ವರ್ಷಗಳಿಂದ ದಿನಕ್ಕೆ ಹತ್ತು ಸಲ ಅವನು ಈ ಪ್ರಶ್ನೆಗೆ ತಲೆ ಎತ್ತದೆ ಉತ್ತರ ಕೊಟ್ಟಿದ್ದ. ಈಗ ಬಗ್ಗಿ, ನಾಲ್ಕೂ ಚಕ್ರಗಳ ಸುತ್ತ ಇನ್ನೊಂದು ಸಲ ಬಂದ. ಅಕ್ಷರಗಳ ಮೇಲೆ ಬೆರಳು ಓಡಿಸಿದ. ಅವು ಅವನಿಗೆ ಏನನ್ನೂ ಹೇಳಲಿಲ್ಲ.

"ಸವೆದಿದೆ ಸಾರ್. ಆದರೆ ಈ ಊರಿನ ಟಯರೇ. ಅರವತ್ತರ ಮೇಲೆ ಹೋಗಬೇಡಿ. ಮನೆಗೆ ವಾಪಸ್ ಹೋಗಿ. ನಾವು ಹಿಂದಿನಿಂದ ಬರ್ತೇವೆ."

ರತ್ನಪ್ರಭಾ ಮಗಳನ್ನು ಈ ಸಲ ಬಲಗಡೆ ಕೂರಿಸಿ, ತಾನು ಎಡಗಡೆ ಕೂತಳು. ಕಾರು ಮರಳಿನಿಂದ ಮೇಲೆ ಬಂದು, ಮುಂದಿನ ತಿರುವು ತೆಗೆದುಕೊಂಡು ದೋಹಾದ ಕಡೆ ಹೊರಟಿತು. ಪಿಕಪ್ಪು ಅದರ ಹಿಂದೆ. ಚನಿಯ ಮುಂದಕ್ಕೆ ಬಾಗಿ, ಎರಡೂ ಕೈಯನ್ನು ಡ್ಯಾಶ್‌ಬೋರ್ಡಿನ ಮೇಲಿಟ್ಟು ಕೂತ. ಹಾರ್ನ್ ಹೊಡೆಯುತ್ತ ಗಾಡಿಗಳು ಅವರನ್ನು ದಾಟಿ ಹೋದವು. ಅವನು ಎಡ ಚಕ್ರ ನೋಡಿದ, ಬಲ ಚಕ್ರ ನೋಡಿದ, ಮತ್ತೆ ಎಡದ್ದು. ತಿರುಗುವ ರಬ್ಬರಿನಲ್ಲಿ ಒಂದು ನಡುಕ ಕಂಡ ಹಾಗಾಗಿ ಎರಡು ಸಲ ಕೆನೆತ್‌ನ ತೋಳು ಹಿಡಿದ. ಎರಡು ಸಲವೂ ಅದು ರಸ್ತೆಯ ಮೇಲಿನ ಬಿಸಿಲು.

ಒಂದೂವರೆ ಗಂಟೆಯ ಮೇಲೆ ಬೂದು ಕಾರು ವಕ್ರಾದ ತನ್ನ ಗಲ್ಲಿಗೆ ತಿರುಗಿ ಕಟ್ಟಡದ ಮುಂದೆ ನಿಂತಿತು. ಹುಡುಗಿ ಇಳಿದಳು, ಒಂದೇ ಕಾಲಿಗೆ ಚಪ್ಪಲಿ ಹಾಕಿಕೊಂಡು ಕುಂಟುತ್ತ ಬಾಗಿಲ ಕಡೆ ಹೋದಳು. ಯಾರೂ ಹಿಂದೆ ತಿರುಗಿ ನೋಡಲಿಲ್ಲ.

"ಮುಟ್ಟಿದರು" ಎಂದ ಕೆನೆತ್. "ಇನ್ನು ಆ ಚಕ್ರದಿಂದ ಕಣ್ಣು ತೆಗಿ ಮಾರಾಯ."

ಇನ್ನೊಂದು ಚಪ್ಪಲಿ ಚನಿಯನ ತೊಡೆಯ ಮೇಲಿತ್ತು. ಅದನ್ನು ಯಾವಾಗ ಎತ್ತಿಕೊಂಡೆನೆಂದು ಅವನಿಗೆ ನೆನಪಿರಲಿಲ್ಲ. ಅವನು ಕಾರಿನ ಚಕ್ರಗಳನ್ನೇ ನೋಡುತ್ತಿದ್ದ. ಅವು ನಿಂತು ಆಗಲೇ ಹೊತ್ತಾಗಿತ್ತು.